ತಂದೆ ತಾಯಿ ಇರುವವರು ಹೊರಗೆ ಹೋಗಿ

ನಾನು ಸಿಯಾಟಲ್‌ನಲ್ಲಿ ಇಳಿದ ದಿನ ನಮ್ಮ ಮಹಾಲಯ ಅಮಾವಾಸ್ಯೆ. ಹುಬ್ಬಳ್ಳಿಯಲ್ಲಿದ್ದರೆ ಹಿರಿಯರಿಗೆ ಎಡೆ ಇಟ್ಟು, ಮಾಳಿಗೆ ಹತ್ತಿ ಕಾಗೆಯನ್ನು ಕರೆದು, ಅದು ಮುಟ್ಟಿದ ಮೇಲೆ ಊಟಕ್ಕೆ ಕೂರುತ್ತಿದ್ದೆ. ಈ ಸಲ ಆ ಹೊತ್ತಿಗೆ ವಿಮಾನದಲ್ಲಿ ಡಬ್ಬಿಯ ಉಪ್ಪಿಟ್ಟು ಕೆದಕುತ್ತಿದ್ದೆ. ಮೊಣಕಾಲು ನೋವೆಂದು ಊರಲ್ಲೇ ಉಳಿದ ನಮ್ಮ ಯಜಮಾನರಿಗೆ ಎಡೆ ಇಡಲು ಹೇಳಿ ಬಂದಿದ್ದೆ. ಇಟ್ಟಿರಲಿಕ್ಕಿಲ್ಲ, ಅವರ ಹಣೆಬರಹ ನನಗೆ ಗೊತ್ತು.

ಮಗಳು ಸುಮಾ ಕಾರು ತಂದಿದ್ದಳು. ಅವಳಿಗೆ ಎವರೆಟ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ, ಮನೆ ಬಾಥೆಲ್‌ನ ನಾರ್ತ್ ಕ್ರೀಕ್‌ನಲ್ಲಿ. ಗಂಡ ಡೇನಿಯಲ್ ಯಹೂದಿ. ಅವರ ದೊಡ್ಡ ಹಬ್ಬಗಳೆಲ್ಲ ಈ ಒಂದೇ ತಿಂಗಳಲ್ಲಿ ಸಾಲಾಗಿ ಬರುತ್ತವೆ, ಬಂದು ನೋಡಿ ಹೋಗು ಎಂದು ನನ್ನನ್ನು ಕರೆದವಳು ಅವನ ತಾಯಿ, ನನ್ನ ಬೀಗತಿ ರೂತ್. ದಾರಿಯಲ್ಲಿ ಸುಮಾ ಒಂದೇ ಎಚ್ಚರಿಕೆ ಹೇಳಿದಳು: "ಅವ್ವಾ, ಮಾವನ ಸುದ್ದಿ ಮಾತ್ರ ತಗೀಬ್ಯಾಡ."

ಮಾವ ಎಂದರೆ ಬೀಗರು ಸ್ಯಾಮ್. ಹೋದ ವರ್ಷ ಇದೇ ದಿನಗಳಲ್ಲಿ ಎವರೆಟ್‌ನಿಂದ ತಮ್ಮ ಸಣ್ಣ ದೋಣಿಯಲ್ಲಿ ಒಬ್ಬರೇ ಮೀನು ಹಿಡಿಯಲು ಹೋದರು. ದೋಣಿ ಸಿಕ್ಕಿತು, ಅವರು ಸಿಗಲಿಲ್ಲ. ದೇಹವಿಲ್ಲ, ಕಂಡವರಿಲ್ಲ. ನೀರಿನಲ್ಲಿ ಹಾಗೆ ಕಾಣೆಯಾದವನನ್ನು ಸತ್ತನೆನ್ನಲು ಯಹೂದಿಗಳ ಹಳೆಯ ಧರ್ಮಶಾಸ್ತ್ರ ಬಹಳ ಹಿಂಜರಿಯುತ್ತದಂತೆ. ಅವರ ಮಂದಿರದ ಗುರು ಒಬ್ಬ ಹೆಂಗಸು. ನೀವೇ ಮನೆಯವರು ನಿರ್ಧಾರ ಮಾಡಿ ಎಂದು ಆಕೆ ಅವರಿಗೇ ಬಿಟ್ಟಿದ್ದಳು. ರೂತ್ ಯಾವ ನಿರ್ಧಾರವನ್ನೂ ಮಾಡಿರಲಿಲ್ಲ.

ಮರುದಿನ ಸಂಜೆಗೆ ಅವರ ಹೊಸ ವರ್ಷ ಶುರು. ಸೇಬನ್ನು ಜೇನಿನಲ್ಲಿ ಅದ್ದಿ ಕೊಟ್ಟರು, ನಮ್ಮ ಬೇವುಬೆಲ್ಲದಲ್ಲಿ ಬೇವನ್ನು ಬಿಟ್ಟ ಹಾಗೆ. ಬೆಳಿಗ್ಗೆ ಮಂದಿರದಲ್ಲಿ ಟಗರಿನ ಕೊಂಬು ಊದಿದರು. ಶಂಖದಂತೆ ತುಂಬಿದ ದನಿಯಲ್ಲ ಅದು, ಕತ್ತು ಹಿಸುಕಿದಾಗ ಯಾರೋ ಕೂಗಿದಂತಿತ್ತು. ಮಧ್ಯಾಹ್ನ ಎಲ್ಲರೂ ಕೆರೆಯ ದಂಡೆಗೆ ಹೋಗಿ, ವರ್ಷದ ಪಾಪವೆಂದು ಬ್ರೆಡ್ಡಿನ ಚೂರುಗಳನ್ನು ನೀರಿಗೆ ಎಸೆದು ಜೇಬು ಕೊಡವಿದರು. ರೂತ್ ಮಾತ್ರ ನೀರಿಗೆ ಬೆನ್ನು ಮಾಡಿ, ಕಾರು ನಿಲ್ಲಿಸುವ ಜಾಗವನ್ನೇ ನೋಡುತ್ತ ನಿಂತಿದ್ದಳು. ಅವಳ ಚೂರು ಅವಳ ಮುಷ್ಟಿಯಲ್ಲೇ ಉಳಿಯಿತು.

ಆ ವಾರ ಎರಡೂವರೆ ಡಾಲರ್ ಕೊಟ್ಟು ಬಸ್ಸು ಹತ್ತಿ ಎವರೆಟ್‌ಗೆ, ರೂತ್‌ಳ ಮನೆಗೆ ಹೋದೆ. ಜಿಟಿಜಿಟಿ ಮಳೆ, ಹಾದಿ ತಪ್ಪಿ ಸಾಕಾಯಿತು. ಹಗಲು ಹೊತ್ತಿನಲ್ಲಿ ಬಾಗಿಲ ದೀಪ ಉರಿಯುತ್ತಿತ್ತು. ಬಾಗಿಲ ಬಳಿ ಗಂಡಸಿನ ಬೂಟು, ಆಗ ತಾನೇ ಒರೆಸಿದ್ದು. ಚಹಾ ಕುಡಿಯುವಾಗ ಹಿತ್ತಲಲ್ಲಿ ಏನೋ ಸದ್ದಾಯಿತು. ರೂತ್ ಬಟ್ಟಲು ಕೆಳಗಿಟ್ಟು, ಬಾಗಿಲು ತೆರೆದು, "ಸ್ಯಾಮ್?" ಎಂದಳು. ಯಾರೂ ಇರಲಿಲ್ಲ. ತಿರುಗಿ ಬಂದು ಬಿಸ್ಕತ್ತು ತಗೋ ಎಂದಳು.

ನಮಗೆ ಬನ್ನಿ ಹಬ್ಬ ಬಂದ ದಿನವೇ ಅವರಿಗೆ ದೊಡ್ಡ ಉಪವಾಸ. ನಾವು ಬನ್ನಿ ಕೊಟ್ಟು ಬಂಗಾರದಂಗ ಇರೋಣ ಅನ್ನುತ್ತೇವೆ, ಅವರು ಒಬ್ಬರಿಗೊಬ್ಬರು ತಪ್ಪಾಯಿತು ಅನ್ನುತ್ತಾರೆ. ಹನಿ ನೀರೂ ಇಲ್ಲ, ಚರ್ಮದ ಚಪ್ಪಲಿಯೂ ಇಲ್ಲ. ಮಂದಿರದೊಳಗೆ ಎಲ್ಲೆಲ್ಲೂ ಬಿಳಿ ಬಟ್ಟೆ, ಕಾಲಲ್ಲಿ ಕ್ಯಾನ್ವಾಸ್ ಬೂಟು. ವಯಸ್ಸಾದವರ ಬಿಳಿ ನಿಲುವಂಗಿ ಚೆಂದ ಇದೆ ಎಂದೆ. ಸತ್ತಾಗ ಅದನ್ನೇ ತೊಡಿಸಿ ಮಣ್ಣು ಮಾಡುತ್ತಾರೆ ಎಂದಳು ಸುಮಾ. ಆಮೇಲೆ ನಾನು ಆ ಮುದುಕರ ಕಡೆ ಸರಿಯಾಗಿ ನೋಡಲಾರದೆ ಹೋದೆ. ರೂತ್‌ಳ ಪಕ್ಕದ ಕುರ್ಚಿಯ ಮೇಲೂ ಅಂಥ ಅಂಗಿ ಇತ್ತು, ಇಸ್ತ್ರಿ ಮಾಡಿ ಮಡಚಿದ್ದು. ಸ್ಯಾಮ್‌ರದು. ಯಾರೋ ಅಲ್ಲಿ ಕೂರಲು ಬಂದರೆ ಅವಳು, "ಜನ ಇದ್ದಾರೆ" ಎಂದಳು.

ಮಧ್ಯಾಹ್ನ ಗುರು ತೀರಿಹೋದವರ ಪ್ರಾರ್ಥನೆ ಸಾರಿದಳು. ತಕ್ಷಣ ಅರ್ಧ ಸಭೆ ಎದ್ದಿತು. ತಂದೆತಾಯಿ ಇಬ್ಬರೂ ಬದುಕಿರುವವರು ಈ ಪ್ರಾರ್ಥನೆಗೆ ಕೂರುವುದಿಲ್ಲ, ದೃಷ್ಟಿ ತಾಕೀತೆಂದು ಹೊರಗೆ ಹೋಗುತ್ತಾರೆ. ಕಳಕೊಂಡವರು ಮಾತ್ರ ಒಳಗೆ ಉಳಿದು, ಸತ್ತವರ ಹೆಸರು ಹೇಳುತ್ತಾರೆ. ಸುಮಾ ಎದ್ದಳು, ಅವಳಿಗೆ ನಾವಿಬ್ಬರೂ ಇದ್ದೇವಲ್ಲ. ಡೇನಿಯಲ್ ಅರ್ಧ ಎದ್ದು ನಿಂತ. ಉಳಿದರೆ ಅಪ್ಪ ಸತ್ತ ಎಂದು ತಾನೇ ಊರಿಗೆಲ್ಲ ಹೇಳಿದಂತೆ. ಹೋದರೆ ಅಪ್ಪನಿಗೆ ಒಂದು ಪ್ರಾರ್ಥನೆಯೂ ಇಲ್ಲ. ಸಭೆಯೆಲ್ಲ ಅವನನ್ನೇ ನೋಡುತ್ತಿತ್ತು. ರೂತ್ ತಲೆ ಎತ್ತದೆ ಅವನ ಮೊಣಕೈಯನ್ನು ಬಾಗಿಲ ಕಡೆ ಮೆಲ್ಲಗೆ ತಳ್ಳಿದಳು. ಅವನು ಹೋದ. ಹೊರಗೆ ಗೋಡೆಗೆ ಹಣೆ ಒತ್ತಿ ನಿಂತಿದ್ದನೆಂದು ಸುಮಾ ರಾತ್ರಿ ಅಳುತ್ತ ಹೇಳಿದಳು. ತಿಂಗಳ ಕೊನೆಯ ಹಬ್ಬದಲ್ಲಿ ಇದೇ ಪ್ರಾರ್ಥನೆ ಮತ್ತೆ ಬರುತ್ತದೆ, ಆಗ ಅವನು ತಡಕೊಳ್ಳಲಾರ ಎಂದಳು.

ಸೀಗಿ ಹುಣ್ಣಿಮೆಗೆ ನಮ್ಮ ಕಡೆ ಹೊಲದಲ್ಲಿ ಕೂತು ಉಂಡರೆ, ಇವರು ಹಿತ್ತಲಲ್ಲಿ ಗುಡಿಸಲು ಹಾಕಿ ಉಣ್ಣುತ್ತಾರೆ. ಮೇಲೆ ಟೊಂಗೆ ಹೊದಿಸುತ್ತಾರೆ, ಸಂದಿಯಲ್ಲಿ ಆಕಾಶದ ಚಿಕ್ಕೆ ಕಾಣಬೇಕು. ಸುಮಾಳ ಹಿತ್ತಲಲ್ಲಿ ಡೇನಿಯಲ್ ಹಾಕಿದ ಗುಡಿಸಲಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಯಾರಿಗೆಂದು ಕೇಳಿದೆ. ದಿನಕ್ಕೊಬ್ಬ ಪೂರ್ವಜರನ್ನು ಊಟಕ್ಕೆ ಕರೀತೀವಿ ಅತ್ತೆ, ಅವರಿಗೆ, ಎಂದ.

ಅಯ್ಯ, ಇದು ನಮ್ಮ ಹಿರಿಯರ ಹಬ್ಬವೇ ಅಲ್ಲವೇ! ತಪ್ಪಿಹೋದ ಎಡೆ ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಅನ್ನ, ಕಟ್ಟಿನ ಸಾರು, ಎಣ್ಣೆಗಾಯಿ, ಶೇಂಗಾ ಹೋಳಿಗೆ ಮಾಡಿ ಖಾಲಿ ಕುರ್ಚಿಯ ಮುಂದೆ ತುಂಬಿದ ಎಡೆ ಇಟ್ಟೆ. ಮದುವೆಗೆ ಹುಬ್ಬಳ್ಳಿಗೆ ಬಂದಾಗ ಸ್ಯಾಮ್ ಶೇಂಗಾ ಹೋಳಿಗೆ ಬೇಡಿ ಬೇಡಿ ತಿಂದಿದ್ದರು. ಕೈ ತಾನಾಗಿ ಇನ್ನೊಂದು ಹೋಳಿಗೆ ಏರಿಸಿತು. ಸುಮಾ ಕಂಡು, "ಅವ್ವಾ, ಅದನ್ನ ತಗಿ" ಎಂದು ಪಿಸುಗುಟ್ಟುವಷ್ಟರಲ್ಲಿ ರೂತ್ ಒಳಗೆ ಬಂದಳು.

ಇದು ಯಾರಿಗೆ ಎಂದಳು. ಹಬ್ಬದ ದಿನ ಸುಳ್ಳು ಬಾಯಿಗೆ ಬರಲಿಲ್ಲ. ಸ್ಯಾಮ್‌ರಿಗೆ ಎಂದೆ. ಬೈದಾಳೆಂದು ಕಾದೆ. ಬೈಯಲಿಲ್ಲ, ಇಟ್ಟ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದಳು. ನನ್ನ ಮುರುಕು ಇಂಗ್ಲಿಷಿನಲ್ಲಿ ಕಾಗೆಯ ವಿಷಯ ಹೇಳಿದೆ: ಹೊರಗಿಡಬೇಕು, ಕಾಗೆ ಮುಟ್ಟಿದರೆ ಹೋದವರು ಉಂಡ ಹಾಗೆ. ಅವಳೇ ತಟ್ಟೆ ಎತ್ತಿಕೊಂಡು ಹೋಗಿ ಬೇಲಿಯ ಹಲಗೆಯ ಮೇಲೆ ಇಟ್ಟಳು.

ಬಾಥೆಲ್‌ನ ಕಾಗೆಗಳ ವಿಷಯ ನನಗೆ ಗೊತ್ತಿರಲಿಲ್ಲ. ಸುತ್ತಲಿನ ಊರುಗಳ ಕಾಗೆಗಳೆಲ್ಲ ಸಂಜೆಗೆ ಅಲ್ಲಿನ ಜೌಗಿನ ಗಿಡಗಳಿಗೆ ಮಲಗಲು ಬರುತ್ತವೆ. ಹೊತ್ತು ಮುಳುಗುತ್ತಲೇ ಆಕಾಶ ಕಪ್ಪಾಯಿತು. ಸಾವಿರಾರು. ನಾನು ಜೀವಮಾನದಲ್ಲಿ ಅಷ್ಟು ಕಾಗೆ ನೋಡಿಲ್ಲ. ನಾವು ನಾಲ್ವರೂ ಕತ್ತೆತ್ತಿ ನಿಂತೆವು. ಒಂದೂ ಇಳಿಯಲಿಲ್ಲ. ಕೊನೆಗೆ ಒಂದು ಬೇಲಿಯ ಮೇಲೆ ಕೂತಿತು, ಎಡೆ ನೋಡಿತು, ರೂತ್‌ಳನ್ನು ಬಹಳ ಹೊತ್ತು ನೋಡಿತು, ಹಾರಿಹೋಯಿತು.

"ಕಂಡಿರಾ?" ಎಂದಳು ರೂತ್. "ಮುಟ್ಟಲಿಲ್ಲ. ಅವನು ಬದುಕಿದ್ದಾನೆ." ಅವಳ ಮುಖದಲ್ಲಿ ನಗು, ನಾನು ಬಂದಾಗಿನಿಂದ ಮೊದಲ ಸಲ. ಡೇನಿಯಲ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಉಪಕಾರ ಮಾಡಲು ಹೋಗಿ ಎಂಥ ಅಪಕಾರ ಮಾಡಿದೆ ನಾನು, ಮೂಳಿ!

ಬೆಳಿಗ್ಗೆ ಎಡೆ ಹಾಗೇ ಇತ್ತು, ಅಳಿಲು ಕೂಡ ಮೂಸಿರಲಿಲ್ಲ. ಅನ್ನದ ಮೇಲೆ ಮಳೆನೀರು ನಿಂತಿತ್ತು. ಹಬ್ಬದ ವಾರವಿಡೀ ರೂತ್ ಊಟಕ್ಕೆ ಬಂದಳು, ಖಾಲಿ ಕುರ್ಚಿಯ ಜೊತೆ ಸಣ್ಣಗೆ ಮಾತಾಡಿಕೊಂಡೇ ಉಂಡಳು. ಡೇನಿಯಲ್ ಆ ಕಡೆ ಮುಖ ಮಾಡುತ್ತಿರಲಿಲ್ಲ. ನನಗೆ ನಿದ್ದೆ ಹತ್ತದಾಯಿತು. ಕೊನೆಗೆ ಒಂದು ಮಧ್ಯಾಹ್ನ ಪಾತ್ರೆ ತೊಳೆಯುವಾಗ, ಆದದ್ದಾಗಲಿ ಎಂದು ಬಾಯಿ ಬಿಟ್ಟೆ.

"ರೂತ್, ನಾನು ನಿಮಗೆ ಅರ್ಧ ಹೇಳಿದ್ದೆ. ಕಾಗೆ ಮುಟ್ಟಲಿಲ್ಲ ಅಂದರೆ ಬದುಕಿದ್ದಾರೆ ಅಂತ ಅಲ್ಲ. ಹೋದವರದು ಏನೋ ಒಂದು ಆಸೆ ಉಳಿದಿದೆ ಅಂತ. ಅದನ್ನ ನಡೆಸಿಕೊಡ್ತೀವಿ ಅಂತ ಮನೆಯವರು ಬಾಯಿಬಿಟ್ಟು ಹೇಳಬೇಕು. ಅಲ್ಲಿಯತನಕ ಅವರು ಹಸಿದೇ ಇರ್ತಾರೆ."

ರೂತ್ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಂಡು, ಕೋಟು ಹಾಕಿಕೊಂಡು, ಎವರೆಟ್‌ಗೆ ಹೊರಟುಹೋದಳು. ಮರುದಿನವೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಸುಮಾ ನನ್ನ ಜೊತೆ ಮಾತು ಬಿಟ್ಟಳು.

ಕೊನೆಯ ಹಬ್ಬದ ಬೆಳಿಗ್ಗೆ ನಾವು ಹೋಗುವ ಹೊತ್ತಿಗೆ ರೂತ್ ಮಂದಿರದಲ್ಲಿ ತನ್ನ ಜಾಗದಲ್ಲಿ ಕೂತಿದ್ದಳು. ಮುಖ ಬಾಡಿತ್ತು, ಎರಡು ರಾತ್ರಿ ಎಚ್ಚರವಿದ್ದವಳ ಹಾಗೆ. ನಮ್ಮ ಕಡೆ ನೋಡಲಿಲ್ಲ. ಗುರು ಆ ಪ್ರಾರ್ಥನೆ ಸಾರಿದಳು. ತಂದೆತಾಯಿ ಇರುವವರು ಎದ್ದು ಬಾಗಿಲ ಕಡೆ ಹೊರಟರು. ಸುಮಾ ಎದ್ದಳು. ಡೇನಿಯಲ್ ಬೆಳ್ಳಗೆ ಬಿಳಿಚಿಕೊಂಡು ಎದ್ದ, ನಾಲ್ಕು ಹೆಜ್ಜೆ ಇಟ್ಟ.

"ಡೇನಿಯಲ್," ಎಂದಳು ರೂತ್. ಸಭೆಯೆಲ್ಲ ತಿರುಗಿ ನೋಡಿತು. "ನೀನು ಕೂತ್ಕೋ. ಅವನು ನಿನ್ನ ಬಾಯಿಂದ ತನ್ನ ಹೆಸರು ಕೇಳಬೇಕು ಅಂತ ಕಾಯ್ತಿದ್ದಾನೆ."

ಅವನು ವಾಪಸು ಬಂದು ತಾಯಿಯ ಪಕ್ಕ ಕೂತ. ಸುಮಾ ಒಬ್ಬಳೇ ಹೊರಗೆ ಹೋದಳು, ಬಾಗಿಲು ಮುಚ್ಚಿತು. ಉಳಿದವರು ತಂತಮ್ಮವರ ಹೆಸರುಗಳನ್ನು ಪಿಸುಮಾತಿನಲ್ಲಿ ಹೇಳತೊಡಗಿದರು. ಆ ಪಿಸುಪಿಸು ಎಲ್ಲ ಕಡೆಯಿಂದ ಬರುತ್ತಿತ್ತು, ಯಾರ ತುಟಿಯೂ ಅಲ್ಲಾಡಿದಂತೆ ಕಾಣಲಿಲ್ಲ. ನಾನೂ ನಮ್ಮ ಅವ್ವ ಅಪ್ಪನ ಹೆಸರು ಹೇಳಿಕೊಂಡೆ. ಡೇನಿಯಲ್‌ನ ದನಿ ಮಾತ್ರ ಗಟ್ಟಿಯಾಗಿಯೇ ಬಂತು. ತಂದೆಯ ಹೆಸರು ಹೇಳಿದ. ಅಷ್ಟು ಜನರ ನಡುವೆ, ಒಂದು ವರ್ಷದ ಮೇಲೆ, ಆ ಗಳಿಗೆಯಲ್ಲಿ ನನ್ನ ಬೀಗತಿ ವಿಧವೆಯಾದಳು. ನಾನು ಅವಳ ಕೈ ಹಿಡಿದುಕೊಂಡೆ. ಒಳಗೆ ಅಷ್ಟು ಸೆಖೆಯಿದ್ದರೂ ಆ ಕೈ ಆಗ ತಾನೇ ನೀರಿನಿಂದ ತೆಗೆದಷ್ಟು ತಣ್ಣಗಿತ್ತು.