ಮೇಲಿನ ಸಾಲಿನ ಪಿನ್ನುಗಳು

ಆವುಲಪ್ಪನ ಕಥೆ ಹೇಳಬೇಕಾದರೆ ಮೊದಲು ನನ್ನ ಜಾಣತನದ ಕಥೆ ಹೇಳಬೇಕು. ಏಕೆಂದರೆ ಅವನಿಗೆ ಬುದ್ಧಿ ಕಲಿಸಲು ಹೊರಟವನು ನಾನೇ.

ನಾನು ಚೆನ್ನಕೇಶವ, ಮತ್ತಿಗಿರಿಯವನು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಲಾರಿಗಳಿಗೆ ಬೇಕಾದ ಉಕ್ಕಿನ ಪಿನ್ನು ಮಾಡುತ್ತಿದ್ದೆವು. ಹನುಮಯ್ಯನವರು ನಮ್ಮ ಸೂಪರ್‌ವೈಸರ್. ಅವರ ಸೈಕಲ್ ಬೆಲ್ ಕೇಳಿದ ಕೂಡಲೇ ನಾನು ಬಟ್ಟೆ ಹಿಡಿದು ಮೆಷಿನ್ ಒರೆಸಲು ಶುರು ಮಾಡುತ್ತಿದ್ದೆ. ಅವರು ಅತ್ತ ಹೋದರೆ ಬಟ್ಟೆಗೂ ವಿಶ್ರಾಂತಿ, ನನಗೂ ವಿಶ್ರಾಂತಿ. ಒಂದೇ ವರ್ಷದಲ್ಲಿ ನನ್ನ ಕೆಲಸ ಕಾಯಂ ಆಯಿತು.

ಆವುಲಪ್ಪ ಸೇರಿದ್ದು ೧೯೮೨ರಲ್ಲಿ. ರಾಯಕೋಟೆ ಪಕ್ಕದ ಹಳ್ಳಿಯವನು. ಒಂದೆಕರೆ ಹೊಲ, ಎಂಟನೇ ಕ್ಲಾಸು ಓದು. ಬೆಳಗಿನ ಮೊದಲ ಬಸ್ಸಿಗೆ ಬಂದು, ಪಿನ್ನು ಉಜ್ಜಿ ನಯ ಮಾಡುವ ಗ್ರೈಂಡಿಂಗ್ ಮೆಷಿನ್ ಮುಂದೆ ನಿಂತರೆ ಮುಗಿಯಿತು, ಹನುಮಯ್ಯನವರು ಬಂದರೂ ತಲೆ ಎತ್ತುತ್ತಿರಲಿಲ್ಲ. ಅದೂ ಹೋಗಲಿ, ಒಂದು ಪಿನ್ನು ಕೆಟ್ಟರೆ ತಾನೇ ಎತ್ತಿಕೊಂಡು ಹೋಗಿ ಅವರ ಮೇಜಿನ ಮೇಲಿಡುತ್ತಿದ್ದ. "ಇದು ನನ್ ಕೈಯಾಗೇ ಕೆಟ್ಟೋಯ್ತು ಸಾರ್" ಎನ್ನುತ್ತಿದ್ದ. ನೋಡಿ ನೋಡಿ ನನಗೆ ಮೈ ಉರಿಯುತ್ತಿತ್ತು.

"ಲೇ ಆವುಲಪ್ಪ, ಒಳ್ಳೇದನ್ನ ತೋರ್ಸ್ಬೇಕು ಕಣ್ಲಾ, ಕೆಟ್ಟಿದ್ದನ್ನ ಮುಚ್ಚಾಕ್ಬೇಕು. ಹಿಂಗೇ ಮಾಡ್ತಿದ್ರೆ ನೀನು ಪರ್ಮನೆಂಟ್ ಆದಂಗೇ ಬುಡು."

"ಆಗ್ಲೇಬೇಕು ಕೇಶವಣ್ಣ. ಇಲ್ದಿದ್ರೆ ಮುನಿರತ್ನ ಸಿಗಾಕಿಲ್ಲ."

ಅವನಿಗಿದ್ದ ಚಿಂತೆ ಅದೊಂದೇ. ಪಕ್ಕದ ಹಳ್ಳಿಯ ದೊಡ್ಡವೆಂಕಟಪ್ಪನವರ ಮಗಳು ಮುನಿರತ್ನಮ್ಮನನ್ನು ಹೋಗಿ ನೋಡಿ ಬಂದಿದ್ದ. ಹುಡುಗಿ ಒಪ್ಪಿದ್ದಳು. ಅಪ್ಪ ಮಾತ್ರ ಪಟ್ಟು ಹಿಡಿದಿದ್ದರು. ಸಂಕ್ರಾಂತಿಯೊಳಗೆ ಕೆಲಸ ಕಾಯಂ ಆದ ಕಾಗದ ತಂದು ತೋರಿಸಿದರೆ ಮದುವೆ, ಇಲ್ಲವಾದರೆ ಬೇರೆ ಗಂಡು ನೋಡುತ್ತೇವೆ ಎಂದಿದ್ದರು.

ಡಿಸೆಂಬರ್‌ನಲ್ಲಿ ಮದ್ರಾಸಿನಿಂದ, ನಮ್ಮ ಪಿನ್ನು ಕೊಳ್ಳುವವರ ಕಡೆಯ ಹಿರಿಯ ಎಂಜಿನಿಯರ್ ಒಬ್ಬರು ತಪಾಸಣೆಗೆ ಬರುವುದೆಂದಾಯಿತು. ಹನುಮಯ್ಯನವರು ಆವುಲಪ್ಪನನ್ನು ಕರೆದು, "ಅವ್ರಿಗೆ ತೋರ್ಸೋ ಪಿನ್ನಿನ ಟ್ರೇ ನೀನೇ ಜೋಡ್ಸಪ್ಪ. ಅವರು ಒಪ್ಕೊಂಡ್ರೆ ಪರ್ಮನೆಂಟ್‌ಗೆ ನಿನ್ನ ಹೆಸರೇ ಬರೀತೀನಿ" ಎಂದರು. ನನಗೆ ನನ್ನ ಸ್ವಂತ ತಂಗಿಯ ಮದುವೆ ಗೊತ್ತಾದಷ್ಟು ಖುಷಿಯಾಯಿತು. ಹೊಳೆಯುವ ಪಿನ್ನುಗಳನ್ನೆಲ್ಲ ಮೇಲಕ್ಕಿಡು ಎಂದು ಹತ್ತು ಸಲ ಹೇಳಿ ಊಟಕ್ಕೆ ಹೋದೆ.

ಮಧ್ಯಾಹ್ನ ಎಂಜಿನಿಯರ್ ಬಂದರು. ಮೇಲಿನ ಸಾಲಿನಿಂದ ಒಂದು ಪಿನ್ನು ತೆಗೆದು ಅಳತೆ ನೋಡಿದರು. ಹುಬ್ಬು ಗಂಟಾಯಿತು. ಅಳತೆಯೇನೋ ಮಿತಿಯೊಳಗೇ ಇತ್ತು, ಆದರೆ ಕೂದಲೆಳೆಯಷ್ಟು ದಾಟಿದ್ದರೂ ತಿರಸ್ಕಾರವೇ. ಎರಡನೆಯದರದ್ದೂ ಅದೇ ಕಥೆ. ಮೂರನೆಯದಕ್ಕೆ ಸಣ್ಣ ಗೀರು ಬೇರೆ. ಹನುಮಯ್ಯನವರ ಮುಖ ಸುಟ್ಟ ಬದನೆಕಾಯಿಯಾಯಿತು.

"ಇದ ಯಾರು ಅಡುಕ್ಕಿನದು?" ಇದನ್ನು ಜೋಡಿಸಿದ್ದು ಯಾರು ಎಂದು ಎಂಜಿನಿಯರ್ ತಮಿಳಿನಲ್ಲಿ ಕೇಳಿದರು.

ಆವುಲಪ್ಪ ಮುಂದೆ ಬಂದ. ತಾನೇ ಎಂದ. ಇದ್ದದ್ದರಲ್ಲಿ ಇವೇ ಸ್ವಲ್ಪ ಕಳಪೆ, ಅದಕ್ಕೇ ಮೇಲಿಟ್ಟೆ ಎಂದೂ ಸೇರಿಸಿದ. ನಾನು ಕಂಬದ ಹಿಂದೆ ನಿಂತು ಹಣೆ ಚಚ್ಚಿಕೊಂಡೆ. ಮುನಿರತ್ನಮ್ಮ ಬೇರೆಯವನ ಪಾಲಾದಳು ಎಂದೇ ಲೆಕ್ಕ ಹಾಕಿದೆ.

ಯಾಕೆ ಹಾಗೆ ಮಾಡಿದೆ ಎಂದು ಎಂಜಿನಿಯರ್ ಕೇಳಿದ್ದಕ್ಕೆ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಅವನು ತನ್ನ ತಾಯಿ ಗೋವಿಂದಮ್ಮನ ವಿಷಯ ಹೇಳಿದ. ಆಕೆ ರಾಯಕೋಟೆ ಸಂತೆಯಲ್ಲಿ ಟೊಮೇಟೊ ಮಾರುವವರು. ಎಲ್ಲರ ಬುಟ್ಟಿಯೂ ಮೇಲೆ ಥಳುಕು ಒಳಗೆ ಹುಳುಕು. ಗೋವಿಂದಮ್ಮನ ಬುಟ್ಟಿಯಲ್ಲಿ ಮಾತ್ರ ಸಣ್ಣವು, ಸೊಟ್ಟವು ಮೇಲೆ, ಒಳ್ಳೆಯವು ಕೆಳಗೆ. "ತಕ್ಕಂಡೋನು ಮನೇಗೋಗಿ ಬುಟ್ಟಿ ಸುರುದಾಗ ನಗ್ಬೇಕು ಅಂತಾಳೆ ನಮ್ಮವ್ವ. ನಕ್ಕೋನು ತಿರ್ಗಾ ಬತ್ತಾನಂತೆ ಸಾರ್. ಅಂಗೇ ಇಟ್ಟೆ. ನಂಗೆ ಇನ್ನೊಂತರ ಇಡಾಕೆ ಬರಾಕಿಲ್ಲ."

ಎಂಜಿನಿಯರ್ ಟ್ರೇಯನ್ನು ಮೇಜಿನ ಮೇಲೆ ಸುರುವಿ ಕೆಳಗಿನವನ್ನು ಒಂದೊಂದಾಗಿ ಅಳೆಯುತ್ತ ಹೋದರು. ಹತ್ತು, ಇಪ್ಪತ್ತು, ನಲವತ್ತು. ಒಂದಕ್ಕಿಂತ ಒಂದು ಚೆನ್ನಾಗಿತ್ತು. ಕೊನೆಗೆ ಕನ್ನಡಕ ತೆಗೆದು, ಹೊಟ್ಟೆ ಕುಲುಕುವಂತೆ ನಕ್ಕರು.

"ಹನುಮಯ್ಯ, ಇನ್ನು ಮೇಲೆ ಈ ಆಳಿನ ಟ್ರೇ ಬಂದರೆ ನಾನು ಮೇಲಿನ ಸಾಲು ಮಾತ್ರ ನೋಡುತ್ತೇನೆ" ಎಂದು ತಮಿಳಿನಲ್ಲೇ ಹೇಳಿ ಸಹಿ ಹಾಕಿದರು.

ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ ಕಾಗದ ಕೈಗೆ ಬಂತು. ಆವುಲಪ್ಪ ಅದನ್ನು ಊಟದ ಡಬ್ಬಿಯೊಳಗಿಟ್ಟುಕೊಂಡು ಬಸ್ಸು ಹತ್ತಿದ. ಜೇಬಿನಲ್ಲಿಟ್ಟರೆ ಮಡಿಕೆ ಬೀಳುತ್ತದಂತೆ. ನನಗೆ ನನ್ನ ಕಾಗದ ಬಂದಾಗಲೂ ಅಷ್ಟು ಸಂತೋಷವಾಗಿರಲಿಲ್ಲ, ನಿಜ ಹೇಳುತ್ತೇನೆ.

ಮದುವೆಯೂಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವಾಗ ಈ ಟ್ರೇಯ ಕಥೆಯನ್ನು ದೊಡ್ಡವೆಂಕಟಪ್ಪನವರಿಗೆ ಹೇಳಿದೆ. ಅವರು ತೊಡೆ ತಟ್ಟಿಕೊಂಡು ನಕ್ಕರು.

"ಅಯ್ಯೋ, ಹೆಣ್ಣು ನೋಡಾಕೆ ಬಂದಾಗ್ಲೂ ಅದೇ ಮಾಡ್ದ ಕಣಪ್ಪ. ಕಾಪಿ ಕುಡ್ಯಾಕೂ ಮುಂಚೇನೇ, ಇರಾದು ಒಂದೆಕ್ರೆ, ಓದಿರಾದು ಎಂಟು, ಗೊರ್ಕೆ ಹೊಡೀತೀನಿ, ಕ್ವಾಪ ಬಂದ್ರೆ ಎಲ್ಡು ದಿನ ಮಾತಾಡಾಕಿಲ್ಲ ಅಂತ ಎಲ್ಲಾ ಹೇಳ್ಬುಟ್ಟ. ನಂಗೆ ಗಾಬ್ರಿಯಾಗೋಯ್ತು. ಅದ್ಕೇ ಕಾಗ್ದ ಕೇಳಿದ್ದು."

"ಮತ್ತೆ ಮುನಿರತ್ನಮ್ಮ ಹೆಂಗೆ ಒಪ್ಕಂಡ್ಳು?"

"ಅವ್ಳು ಒಳಗಿಂದ ನಗ್ತಾ ಬಂದ್ಳು. ತಳ್ದಾಗೆ ಒಳ್ಳೇದೇ ಇರ್ತೈತೆ ಕಣಪ್ಪಾ, ಒಪ್ಕೋ ಅಂದ್ಳು. ಚಿಕ್ಕೋಳಿದ್ದಾಗಿಂದ ಗೋವಿಂದಮ್ಮನ ತಾವ್ಲೇ ಟೊಮೇಟೊ ತಕ್ಕಂಡು ಬಂದೋಳಲ್ವಾ."