ಇಲ್ಲೇ ಇತ್ತು ಆ ಮೀನು

ನಾನು ಟ್ರೇಯಿಂದ ಎತ್ತಿ ತೋರಿಸಿದ ಕಪ್ಪು ಮೀಸೆಮೀನನ್ನು, ಮುಳ್ಳು ಚುಚ್ಚೀತು ಎಂದೂ ನೋಡದೆ, ಏಳುಮಲೈ ಅಣ್ಣ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಉತ್ತರ ಚೆನ್ನೈನ ಕಡಲಂಚಿನ ವಿದ್ಯುತ್ ಸ್ಥಾವರವೊಂದು ಸಮುದ್ರದ ನೀರು ಎಳೆದುಕೊಳ್ಳುವಲ್ಲಿ ಜಾಲರಿಗೆ ಸಿಕ್ಕಿ ಸತ್ತ ಮೀನುಗಳನ್ನು ದಾಖಲಿಸುವುದು ನನ್ನ ಕೆಲಸ. ಅವುಗಳ ಹೆಸರು ಹೇಳಲು ಹಳೆಯ ಮೀನುಗಾರರಾದ ಅವರು ಬರುತ್ತಿದ್ದರು.

"ಇರುಂಗೆಳುತ್ತಿ," ಎಂದರು. ಆಮೇಲೆ ತಮಿಳಿನಲ್ಲೇ, "ಇದು ನಮ್ಮ ಅಳಿವೆ ಬಿಟ್ಟು ಹೋಗೇಬಿಡ್ತು ಅಂತ ಮಕ್ಕಳಿಗೆ ಹೇಳಿಬಿಟ್ಟಿದ್ದೆ. ಇಲ್ಲೇ ಇತ್ತಲ್ಲಮ್ಮ," ಎಂದು ನಕ್ಕರು.

ನಗುತ್ತಲೇ ಅದನ್ನು ಬಕೆಟ್ಟಿನ ನೀರಿಗಿಳಿಸಿ, ಬಾಲ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ಬಲೆಗೆ ಬಿದ್ದು ಸೋತ ಮರಿಗಳಿಗೆ ಅವರ ಕಡೆಯವರು ಹಾಗೆಯೇ ಉಸಿರು ಬರಿಸಿ ಕಡಲಿಗೆ ಬಿಡುತ್ತಾರಂತೆ. ತುಂಬ ಹೊತ್ತು ಆಡಿಸಿದರು. ನಾನು ತಡೆಯಲಿಲ್ಲ. ಕೊನೆಗೆ ತಾವೇ ಅದನ್ನು ತಕ್ಕಡಿಯ ಮೇಲಿಟ್ಟು, "ಬರ್ಕೋಮ್ಮ," ಎಂದರು.

ನಮ್ಮ ಹಾಳೆಯಲ್ಲಿ ಪ್ರತಿ ಮೀನಿನ ಹೆಸರಿನ ಮುಂದೆ ಎರಡು ಖಾನೆಗಳಿವೆ: 'ಇದೆ', 'ಇಲ್ಲ'. ನಿಯಮದಂತೆ 'ಇದೆ' ಎಂಬಲ್ಲಿ ಗುರುತು ಹಾಕಿದೆ. ವರದಿ ಓದಿದವರು ಆ ಮೀನು ಇದೆಯೆಂದು ನೆಮ್ಮದಿಪಟ್ಟಾರು. ನಾವಿಬ್ಬರು ಕಂಡದ್ದು ಅದರ ಹೆಣವನ್ನು ಮಾತ್ರ.