ಸುರಪುರದ ಗುಡ್ಡಕ್ಕೆ ಅಪ್ಪಣೆ ಕೇಳಲು ಹೋಗಿದ್ದು

ಯಾದಗಿರಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ಆಧಾರ್ ತೋರಿಸಿದಾಗ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟ. ಮಳೆಗಾಲ ಆಗಷ್ಟೇ ಮುಗಿದಿದ್ದರೂ ಭೀಮೆಯ ಸೇತುವೆ ದಾಟುವಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಸುರಪುರದ ಗುಡ್ಡದ ಗಿಡಗಳ ಸಮೀಕ್ಷೆಯ ಎರಡನೇ ವರ್ಷದ ಕೆಲಸ ಶುರುವಾಗಬೇಕಿತ್ತು. ಅರಣ್ಯ ಇಲಾಖೆಯ ಪರವಾನಗಿ ಬ್ಯಾಗಿನಲ್ಲಿತ್ತು, ಆದರೆ ಗುಡ್ಡದಡಿಯ ನಾಯಕರ ಓಣಿಯಲ್ಲಿ ಆ ಕಾಗದ ಯಾರಿಗೆ ಬೇಕು! ಹೋದ ವರ್ಷ ನನ್ನನ್ನು ಗುಡ್ಡ ಸುತ್ತಿಸಿದ್ದು ಅಲ್ಲಿನ ಹಣಮವ್ವ. ಆಕೆ ಬೇಡವೆಂದರೆ ಕೆಲಸ ಅಲ್ಲಿಗೇ ನಿಂತಂತೆ.

ಶಹಾಪುರದಲ್ಲಿ ಬಸ್ ಬದಲಿಸುವ ಮೊದಲು ಮಂಡಕ್ಕಿ ಸೂಸಲ, ಎರಡು ಮಿರ್ಚಿ ಭಜಿ ತಿಂದೆ. ಕಾಲುವೆ ಕೆಳಗಿನ ಭತ್ತದ ಗದ್ದೆಗಳು ಮುಗಿಯುವವರೆಗೂ ನಾಲಿಗೆ ಉರಿಯುತ್ತಲೇ ಇತ್ತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಚೀಲದಿಂದ ಇಣುಕುತ್ತಿದ್ದ ಅಳತೆ ಟೇಪು ನೋಡಿ, “ಸರ್ವೇದವ್ರೇನ್ರಿ?” ಎಂದಳು. ಹೌದೆಂದೆ. “ಸರ್ವೇದವ್ರು ಬಂದ್ ಹೋದಮ್ಯಾಲ ಏನರ ಒಂದು ಹೋಗೇ ಹೋಗ್ತೈತಿ ನೋಡ್ರಿ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಹಣಮವ್ವ ಕಟ್ಟೆಯ ಮೇಲೆ ಪುಂಡಿಸೊಪ್ಪು ಸೋಸುತ್ತಿದ್ದಳು. ನೀರು ಕೊಟ್ಟಳು, ರೊಟ್ಟಿ ಬಡಿಸಿದಳು. ಕೈ ತೊಳೆದ ಮೇಲೆ ನಾನೇ ಗುಡ್ಡದ ಮಾತೆತ್ತಿದೆ.

“ಹೋದ ವರ್ಷ ಒಂದು ಗಡ್ಡಿ ಒಯ್ದಿರಲ್ಲ,” ಎಂದಳು. “ಅದರ ತಲಿ ಎಲ್ಲೈತ್ರಿ?”

ಬಂಡೆಯ ಸಂದಿನಲ್ಲಿ ಬೆಳೆಯುವ ಬಳ್ಳಿಯ ಗೆಡ್ಡೆ ಅದು. ಇಲ್ಲಿಯವರು ಅಗೆದರೆ, ಬಳ್ಳಿ ಅಂಟಿದ ಮೇಲ್ತುದಿಯನ್ನು ಕತ್ತರಿಸಿ ಅದೇ ತಗ್ಗಿನಲ್ಲಿಟ್ಟು, ಮಣ್ಣು ಮುಚ್ಚಿಯೇ ಏಳುತ್ತಾರೆ. ಮುಂದಿನ ಮಳೆಗೆ ಅದು ಮತ್ತೆ ಚಿಗುರುತ್ತದೆ. ಆ ತುದಿಗೆ ತಲೆ ಎನ್ನುತ್ತಾರೆ. ನಾನು ಮಾದರಿ ಪೂರ್ತಿ ಇರಲೆಂದು, ಆಕೆ ಅತ್ತ ಹುಲ್ಲಿನ ಹೊರೆ ಕಟ್ಟುತ್ತಿದ್ದಾಗ, ತಲೆಸಮೇತ ಕಿತ್ತು ಕಾಗದದಲ್ಲಿ ಸುತ್ತಿಕೊಂಡಿದ್ದೆ. ಕೇಳಿದರೆ ಬೇಡವೆನ್ನುತ್ತಾಳೆಂದು ಗೊತ್ತಿದ್ದೇ ಕೇಳಿರಲಿಲ್ಲ. ಬರೆಯುವಾಗಲೂ ನಾಚಿಕೆಯಾಗುತ್ತದೆ.

“ಕಾಲೇಜಿನ ಬೀರುದಾಗ ಅದ ಅವ್ವಾ. ಒಣಗಿಸಿ ಹಾಳಿಗೆ ಹಚ್ಚೀನಿ.”

“ಮತ್ತ ಚಿಗಿಯೂದಿಲ್ಲ?”

“ಇಲ್ಲವ್ವ. ತಪ್ಪಾತು.”

ಸೊಪ್ಪಿನ ದಂಟುಗಳನ್ನು ಆಕೆ ಒಂದೆಡೆ ಸರಿಸಿದಳು. “ಮಳಿ ಇಲ್ಲದ ವರ್ಷ ನಮ್ಮವ್ವ ಅದ ತೆಗ್ಗಿನ್ಯಾಗ ಅಗದು ನಮ್ಮನ್ನ ಸಾಕ್ಯಾಳ. ಆಕಿ ಆದಮ್ಯಾಲ ನಾ ಅಗದೀನಿ. ಈ ಮಳಿಗಾಲಕ್ಕ ಹೋಗಿ ನೋಡೀನಿ, ಬಳ್ಳಿ ಬಂದಿಲ್ಲ. ಈ ವರ್ಷ ಗುಡ್ಡ ಬ್ಯಾಡ್ರಿ.”

ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೊರಡುವಾಗ, ಆಕೆಗೆ ಸಲ್ಲಬೇಕಾದ್ದು ಇದಾದರೂ ಸಲ್ಲಲಿ ಎಂದುಕೊಂಡು ಹೇಳಿದೆ: “ಆ ಹಾಳ್ಯಾಗ ನನ್ನ ಹೆಸರೊಂದ ಅದ ಅವ್ವಾ. ತೋರಿಸಿದವರು ಅಂತ ನಿಮ್ಮ ಹೆಸರೂ ಬರೀತೀನಿ.”

“ಬ್ಯಾಡ್ರಿ,” ಎಂದಳು ಹಣಮವ್ವ. “ಹಂಗ ಕಿತ್ತಾಕಿ ನಾ ಅಲ್ಲ.”

ನಾಲ್ಕರ ಬಸ್ಸು ಸಿಕ್ಕಿತು. ಕಿಟಕಿಯಿಂದ ಗುಡ್ಡ ಕಾಣುವಷ್ಟು ಹೊತ್ತೂ ನೋಡುತ್ತಿದ್ದೆ. ಆ ತಗ್ಗು ಯಾವ ಬಂಡೆಯ ಪಕ್ಕದಲ್ಲಿದೆಯೆಂದು ನನಗೆ ಚೆನ್ನಾಗಿ ಗೊತ್ತು.